ಏಳನೆಯ ಮನೆಯ ಪಾಲು

ಕುರಿಗೆ ಹೆಸರಿಡಬೇಡ ಎಂದಿದ್ದಳು ಅಜ್ಜಿ ಹಾಯ್ಕನುಷ್.
ಹೆಸರಿಟ್ಟದ್ದನ್ನು ಕೊಡುವುದು ಕಷ್ಟ,
ಅದು ದೇವರಿಗೂ ಗೊತ್ತು,
ಅವನಿಗೂ ಇದ್ದದ್ದು ಒಬ್ಬನೇ.

ಏಪ್ರಿಲ್. ಅರ್ಮೇನಿಯಾದ ಈ ಕಣಿವೆಯ ನೆರಳಿನಲ್ಲಿ
ಇನ್ನೂ ಕೊಳಕು ಹಿಮ.
ಮಾವನ ಹಳೆಯ ಲಾಡಾ ಕಾರಿನ ಹಿಂದಿನ ಸೀಟಿನಲ್ಲಿ
ನನ್ನ ಮಂಡಿಗೆ ತಲೆಯಾನಿಸಿತ್ತು ಹರಕೆಯ ಕುರಿ,
ತಿರುವು ಬಂದಾಗಲೆಲ್ಲ ನನ್ನನ್ನೇ ನಂಬಿ ವಾಲುತ್ತ.
ನಾನು ಬದುಕಿ ಬಂದದ್ದಕ್ಕೆ ಅದು.

ಬಂಡೆ ಕಡಿದು ಮಾಡಿದ ಇಗರ್ಜಿ.
ತೆರ್ ಗೆವೊಂದ್ ಪಾದ್ರಿ ಉಪ್ಪಿನ ಮೇಲೆ ಶಿಲುಬೆ ಎಳೆದರು.
'ನಾನು ಹರಸುವುದು ಕುರಿಯನ್ನಲ್ಲ, ಉಪ್ಪನ್ನು.
ಪಾಪಕ್ಕೆ ಸುರಿಯಬೇಕಿದ್ದ ರಕ್ತ ಒಮ್ಮೆ ಸುರಿದಾಗಿದೆ,
ಲೆಕ್ಕ ಚುಕ್ತಾ. ಇದು ಬರೀ ಊಟ,
ಇಲ್ಲದವರ ಊಟ' ಎಂದರು,
ಎನ್ನುತ್ತಲೇ ಗಡಿಯಾರ ನೋಡಿಕೊಂಡರು.
ನಮ್ಮ ಹಿಂದೆ ಇನ್ನೆರಡು ಕುಟುಂಬ, ಒಂದು ಹುಂಜ.

ಲೆಕ್ಕ ಚುಕ್ತಾ ಅಂತೆ.
ಹಾಗಾದರೆ ನನ್ನ ಗಂಟಲಲ್ಲಿ ನಿಂತಿರುವ ಇದು ಏನು?

ಅಂಗೈ ಚಾಚಿದೆ. ಕುರಿ ಉಪ್ಪು ನೆಕ್ಕಿತು,
ಬೆರಳ ಸಂದಿಯದನ್ನೂ ಬಿಡದೆ,
ಒರಟು ಬೆಚ್ಚನೆಯ ನಾಲಿಗೆ.
ಇಗರ್ಜಿಯ ಸುತ್ತ ಮೂರು ಸುತ್ತು ಬಂದೆವು.
ಎರಡನೆಯ ಸುತ್ತಿನಲ್ಲಿ ಅದೇ ಮುಂದೆ, ನಾನು ಹಿಂದೆ.

ಆಮೇಲೆ ಅಜ್ಜಿ ರಕ್ತದ ಹೆಬ್ಬೆರಳೆತ್ತಿ
ನನ್ನ ಹಣೆಗೆ ಬಂದಳು. ಹಿಂದೆ ಸರಿದೆ.
'ಮ್ಕರ್ತಿಚ್!' ಎಂದು ಗದರಿದಳು.
ಸ್ನಾನ ಕೊಡುವವನು ಎಂದು ಅರ್ಥ ನನ್ನ ಹೆಸರಿಗೆ.
ಹುಟ್ಟಿದ ನಲವತ್ತನೆಯ ದಿನ ಇಲ್ಲೇ ಮುಳುಗಿಸಿದ್ದರು,
ಸಿಕ್ಕಾಪಟ್ಟೆ ಕಿರುಚಿದ್ದೆನಂತೆ.

ಊಟೆಯ ಬಳಿ ಕಟುಕ ಚೂರಿ ತೊಳೆಯುತ್ತಿದ್ದ.
ರಕ್ತವನ್ನು ನೀರು ತೊಳೆಯುತ್ತದೆ, ಅವನಿಗೂ ಗೊತ್ತು.
ರಕ್ತವೇ ತೊಳೆಯುತ್ತದೆ ಎನ್ನುವವರು ನಾವು ಮಾತ್ರ.
ಕುರಿಮರಿಯ ನೆತ್ತರಲ್ಲಿ ಅದ್ದಿದ ನಿಲುವಂಗಿ
ಬೆಳ್ಳಗಾಗುತ್ತದೆ ಎಂದರೆ
ಯಾವ ಅಗಸ ನಂಬುತ್ತಾನೆ?

ಕಂದಕದಲ್ಲಿ ನಮಗೆ ಇದ್ದದ್ದು ಒಂದು ಬಾಟಲಿ.
ಮೂರನೆಯ ರಾತ್ರಿ ತಳದಲ್ಲಿ ಒಂದು ಗುಟುಕು.
ಅರ್ಶವೀರ್ ನಿದ್ದೆಯಲ್ಲಿದ್ದ.
ನಿದ್ದೆಯಲ್ಲಿದ್ದಾನೆ ಅಂದುಕೊಂಡೆ.
ಅಂದುಕೊಳ್ಳಬೇಕಿತ್ತು.
ಅವನ ತುಟಿ ಏನೋ ಕೇಳುತ್ತಿತ್ತು, ಕನಸಿನಲ್ಲೋ ಎಂಬಂತೆ.

ಶಿಲುಬೆಯ ಮೇಲೆ ಅವನೂ ನೀರೇ ಕೇಳಿದ್ದು.
ಸಿಕ್ಕಿದ್ದು ಸ್ಪಂಜಿನಲ್ಲಿ ಒಂದಿಷ್ಟು ಹುಳಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ.
ಉಪ್ಪು ತಿಂದವರು ನಾವು,
ಬಾಯಾರಿದ್ದು ಅವನಿಗೆ.

ಮಾಂಸವನ್ನು ಹುರಿಯುವಂತಿಲ್ಲ, ಮಸಾಲೆ ಇಲ್ಲ,
ನೀರು, ಉಪ್ಪು, ಬೆಂಕಿ, ಅಷ್ಟೇ.
ರಾತ್ರಿಗೆ ಉಳಿಸುವಂತಿಲ್ಲ.
ಏಳು ಮನೆಗೆ ಹಂಚಬೇಕು.
ಮೊದಲನೆಯದು ಚಪ್ಪಲಿ ಹೊಲಿಯುವ ಮುದುಕನದು,
ಆಮೇಲೆ ಗಡಿಯಾಚೆಯಿಂದ ಓಡಿಬಂದವರು
ಒಂದೇ ಕೋಣೆಯಲ್ಲಿ ಒಂಬತ್ತು ಜನ.
ಒಂದು ಮಗು ಪಾತ್ರೆಗೇ ಮುಖ ಹಾಕಿತು.
ಆಗ ಮಾತ್ರ, ಒಂದು ಗಳಿಗೆ,
ಕುರಿ ಸತ್ತದ್ದಕ್ಕೆ ಅರ್ಥವಿದೆ ಅನ್ನಿಸಿತು.

ಏಳನೆಯದು ನುನೆಯ ಮನೆ.
ಅಜ್ಜಿ ಗೇಟಿನ ಹೊರಗೇ ನಿಂತಳು.

ಗೋಡೆಯ ಮೇಲೆ ಸಮವಸ್ತ್ರದ ಅರ್ಶವೀರ್,
ಕಾಲರು ಒಂದಿಷ್ಟು ದೊಡ್ಡದು.
ಅವನ ತಾಯಿ ಬಟ್ಟಲು ತೆಗೆದುಕೊಂಡಳು.
ಹೇಗಿದ್ದೀ ಎನ್ನಲಿಲ್ಲ.
'ಅಲ್ಲಿ ನೀರಿತ್ತಾ?' ಎಂದು ಕೇಳಿದಳು,
ಮಗ ಶಾಲೆಯ ಪ್ರವಾಸಕ್ಕೆ ಹೋಗಿದ್ದನೇನೋ ಎಂಬಂತೆ.

ಇತ್ತು, ಎಂದೆ. ಒಂದು ಗುಟುಕು.
ನಾನು ಕುಡಿದೆ.

ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಗುವವರೆಗೂ
ಅವಳು ಮಾತಾಡಲಿಲ್ಲ.
ಚಮಚ ತೆಗೆದು ಸಾರಿನ ರುಚಿ ನೋಡಿದಳು.
'ಉಪ್ಪು ಮುಂದಾಗಿದೆ' ಎಂದಳು.
ಎದ್ದು ಹೋಗಿ ನಲ್ಲಿ ತಿರುಗಿಸಿದಳು, ಲೋಟ ತುಂಬಿದಳು,
ನಿಂತೇ ಕುಡಿದಳು.
ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು.

ಅರ್ಧ ಉಳಿದಿತ್ತು.